ಬಾಯಿಗೆ ಬಂದದ್ದು ಕೈಗೆ ಬರುವ ತನಕ

ಕವಿ ರನ್ನ ತನ್ನ ಊರಿನ ವಿಳಾಸವನ್ನು ಅಜಿತಪುರಾಣದಲ್ಲಿ ಅಂಚೆಯವನಿಗೆ ಹೇಳುವಷ್ಟು ಸ್ಪಷ್ಟವಾಗಿ ಕೊಟ್ಟಿದ್ದಾನೆ. ಬೆಳುಗಲಿ ಐನೂರು, ಅದರಲ್ಲಿ ಜಂಬುಖಂಡಿ ಎಪ್ಪತ್ತು, ಅದರೊಳಗೆ ಮುದುವೊಳಲು. ಸಾವಿರ ವರ್ಷ ಕಳೆದರೂ ಮೂರೂ ಹೆಸರು ನಮ್ಮ ಕಡೆಯ ಬಸ್ಸಿನ ಬೋರ್ಡಿನ ಮೇಲೆ ಉಳಿದಿವೆ: ಬೆಳಗಲಿ, ಜಮಖಂಡಿ, ಮುಧೋಳ. ಬೀಳಗಿ ತಾಲ್ಲೂಕಿನ ನಮ್ಮ ಬಾಡಗಂಡಿಯಿಂದ ಬುತ್ತಿ ಕಟ್ಟಿಕೊಂಡು ಹೊರಟರೆ ಮೂರನ್ನೂ ನೋಡಿ ಸಂಜೆಗೆ ಮನೆಗೆ ಬರಬಹುದು. ಈಗ ನಮ್ಮೂರಿನ ಹೆಸರು ಹೇಳಿದರೆ ಜನ ಮೊದಲು ಕೇಳುವುದು ಸಕ್ಕರೆ ಕಾರ್ಖಾನೆಯ ಬಗ್ಗೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಬಳೆ ಮಾರುವವರ ಮನೆಯಲ್ಲಿ ಹುಟ್ಟಿದ ಈ ಹುಡುಗ ಹಾಗೆ ಬರೆಯುವುದನ್ನು ಕಲಿತದ್ದು ಹೇಗೆ?

ಅವನು ಗಂಗರ ನಾಡಿಗೆ ಹೋದ, ಚಾವುಂಡರಾಯನ ಆಸರೆ ಪಡೆದ, ಅಜಿತಸೇನಾಚಾರ್ಯರ ಬಳಿ ಓದಿದ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಕವಿರತ್ನ' ಎಂಬ ಹೆಸರು ಇಂದಿಗೂ ಕಾಣುತ್ತದೆ. ಆದರೆ ಅವನು ಕಲಿತ ಬಗೆಗೆ ಗಟ್ಟಿ ಸಾಕ್ಷಿ ಬಂಡೆಯಲ್ಲಿಲ್ಲ, ಗದಾಯುದ್ಧದಲ್ಲಿದೆ. ಪಂಪ ಕ್ರಿ.ಶ. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಹದಿನಾಲ್ಕು ಆಶ್ವಾಸಗಳಲ್ಲಿ ಮುಗಿಸಿದ್ದ. ಅದರ ಹದಿಮೂರನೆಯ ಆಶ್ವಾಸದಲ್ಲಿ ಬರುವ ಭೀಮ-ದುರ್ಯೋಧನರ ಗದಾಯುದ್ಧವನ್ನು ರನ್ನ ಎತ್ತಿಕೊಂಡ. ಅದೇ ಕಥೆ, ಅದೇ ಪಾತ್ರಗಳು, ಎಷ್ಟೋ ಕಡೆ ಪಂಪನ ಮಾತಿನ ಧಾಟಿಯೇ. ಸಂಸ್ಕೃತದ ಭಟ್ಟನಾರಾಯಣನ ವೇಣೀಸಂಹಾರದಿಂದಲೂ ಕೈತುಂಬ ತೆಗೆದುಕೊಂಡ. ಆಮೇಲೆ ಎಲ್ಲವನ್ನೂ ಮಗುಚಿಹಾಕಿದ. ಪಂಪನ ನಾಯಕ ಅರ್ಜುನನಾದರೆ ರನ್ನನ ನಾಯಕ ಭೀಮ. ಪಂಪನಲ್ಲಿ ಒಂದು ಆಶ್ವಾಸದಲ್ಲಿದ್ದದ್ದು ರನ್ನನಲ್ಲಿ ಹತ್ತು ಆಶ್ವಾಸವಾಯಿತು. ಹಿಂದಿನ ಭಾರತವನ್ನೆಲ್ಲ ಸಿಂಹ ತಿರುಗಿ ನೋಡಿದ ಹಾಗೆ ನಡುನಡುವೆ ನೆನಪಿಸುತ್ತ ಹೋದ. ಇದನ್ನು ನನ್ನ ತರಗತಿಯಲ್ಲಿ ಯಾರಾದರೂ ಮಾಡಿದ್ದರೆ ಪಕ್ಕದ ಬೆಂಚಿನವರು "ಕಾಪಿ ಹೊಡದಾನ್ರಿ ಸರ್" ಎಂದು ಕೂಗುತ್ತಿದ್ದರು.

ಅದು ಕಾಪಿಯಲ್ಲ. ಹಿಂದಿನವರು ಬರವಣಿಗೆ ಕಲಿಸುತ್ತಿದ್ದ ಕ್ರಮವೇ ಅದು. ಒಳ್ಳೆಯ ಮಾದರಿಯೊಂದನ್ನು ಬಾಯಿಗೆ ತಂದುಕೊ, ಅದನ್ನು ಬಿಡಿಸಿ ನೋಡು, ನಿನ್ನದಾಗಿ ಮತ್ತೆ ಕಟ್ಟು. ಈ ಕ್ರಮಕ್ಕೆ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಬಹಳ ಹಳೆಯ ಕುರುಹುಗಳಿವೆ.

ಐಹೊಳೆಯ ಮೇಗುತಿ ಜಿನಾಲಯದ ಶಾಸನವನ್ನು ಕ್ರಿ.ಶ. 634ರಲ್ಲಿ ಬರೆದ ರವಿಕೀರ್ತಿ, ತಾನು ಕಾಳಿದಾಸ-ಭಾರವಿಗಳ ಕೀರ್ತಿಯನ್ನು ಮುಟ್ಟಿದವನೆಂದು ಹೇಳಿಕೊಂಡ. ಚರಿತ್ರೆಯ ಪುಸ್ತಕಗಳು ಇದನ್ನು ಕಾಳಿದಾಸನ ಕಾಲ ಗೊತ್ತುಮಾಡುವ ಸಾಕ್ಷಿಯಾಗಿ ಬಳಸುತ್ತವೆ. ನಾನು ಅದನ್ನು ಒಬ್ಬ ಹಳೆಯ ವಿದ್ಯಾರ್ಥಿಯ ಮಾತಾಗಿ ಓದುತ್ತೇನೆ. ಯಾರ ಪದ್ಯಗಳನ್ನು ಬಾಯಿಪಾಠ ಮಾಡಿ ಬೆಳೆದನೋ ಅವರ ಎದುರು ತನ್ನನ್ನು ನಿಲ್ಲಿಸಿ ಎತ್ತರ ಅಳೆದುಕೊಳ್ಳುತ್ತಿದ್ದಾನೆ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನಕ್ಕೆ ಬಂದರೆ ಅಲ್ಲಿ ಕನ್ನಡದ ತ್ರಿಪದಿ ಪಳಗಿದ ಕೈಯಲ್ಲಿ ನಿಂತಿದೆ. ಕಲ್ಲಿಗೆ ಏರುವ ಮೊದಲು ಆ ಮಟ್ಟು ಎಷ್ಟೋ ತಲೆಮಾರಿನ ಕಿವಿಯಲ್ಲಿ ಇದ್ದಿರಲೇಬೇಕು.

ಮುಂದೆ ಸುಮಾರು ಕ್ರಿ.ಶ. 850ರಲ್ಲಿ ಕವಿರಾಜಮಾರ್ಗ ಬಂತು. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡು ಕನ್ನಡದ ತಿರುಳು ಎಂದು ಅದು ಗುರುತಿಸಿದ್ದನ್ನು ಕನ್ನಡಿಗರೆಲ್ಲ ಬಲ್ಲರು. ಆ ಕಿಸುವೊಳಲು ನಮ್ಮ ಪಟ್ಟದಕಲ್ಲು. ನಾವು ಭಾಷಣಗಳಲ್ಲಿ ಹೆಮ್ಮೆಪಡುವುದು ಅಷ್ಟಕ್ಕೇ. ಮೇಷ್ಟರ ಕಣ್ಣಿಗೆ ಬೀಳುವುದು ಆ ಗ್ರಂಥದ ಇನ್ನೊಂದು ಗುಣ. ಅದರ ಮೊದಲ ಪರಿಚ್ಛೇದದ ಕೆಲಸವೇ ತಪ್ಪು-ಒಪ್ಪುಗಳ ವಿವೇಚನೆ. ಇಂಥದ್ದು ದೋಷ ಎಂದು ಹೇಳಿ, ದೋಷವಿರುವ ಪದ್ಯ ಕೊಟ್ಟು, ತಿದ್ದಿದ ರೂಪವನ್ನೂ ಪಕ್ಕದಲ್ಲಿಡುತ್ತದೆ. ಕೆಂಪು ಶಾಯಿ ಹುಟ್ಟುವ ಮೊದಲೇ ಕನ್ನಡದಲ್ಲಿ ಯಾರೋ ಹುಡುಗರ ಪಟ್ಟಿ ತಿದ್ದುತ್ತ ಕೂತಿದ್ದಾರೆ ಅನ್ನಿಸುತ್ತದೆ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ ಕಾವ್ಯವೂ ಅಲ್ಲ, ಪುರಾಣವೂ ಅಲ್ಲ. ಬರೆಯುವುದನ್ನು ಕಲಿಸುವ ಪುಸ್ತಕ.

ಹದಿಮೂರನೆಯ ಶತಮಾನದಲ್ಲಿ ಈ ಕೆಲಸ ಒಂದೇ ಮನೆಯ ಎರಡು ತಲೆಮಾರಿನಲ್ಲಿ ನಡೆಯಿತು. ಮಲ್ಲಿಕಾರ್ಜುನ ಹಿಂದಿನ ಕವಿಗಳ ಒಳ್ಳೊಳ್ಳೆಯ ಪದ್ಯಗಳನ್ನು ಆಯ್ದು, ಕಡಲು, ಬೆಟ್ಟ, ಪಟ್ಟಣ, ಸೂರ್ಯೋದಯ ಎಂದು ವರ್ಣನೆಗಳ ಪ್ರಕಾರ ವಿಂಗಡಿಸಿ ಸೂಕ್ತಿಸುಧಾರ್ಣವ ಎಂಬ ಸಂಕಲನ ಮಾಡಿದ. ಅವನ ಮಗ ಕೇಶಿರಾಜ ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಬರೆದ. ಸೂತ್ರವನ್ನು ಕಂದಪದ್ಯದಲ್ಲಿ ಹೇಳುವುದು, ಕೆಳಗೆ ವೃತ್ತಿ ಬರೆಯುವುದು, ಆಮೇಲೆ ಪೂರ್ವಕವಿಗಳ ಪ್ರಯೋಗ ತೋರಿಸುವುದು ಅವನ ರೀತಿ. ಅಪ್ಪ ಮಾದರಿಗಳನ್ನು ಕೂಡಿಹಾಕಿದ, ಮಗ ಅವುಗಳಿಂದ ನಿಯಮ ತೆಗೆದ. ಮೊದಲು ಪದ್ಯ, ಆಮೇಲೆ ವ್ಯಾಕರಣ. ಈಗ ನಾವು ಇದನ್ನು ತಲೆಕೆಳಗಾಗಿ ಮಾಡುತ್ತೇವೆ. ಸಂಧಿ-ಸಮಾಸದ ಕೋಷ್ಟಕವನ್ನು ಮೊದಲು ಉರು ಹೊಡೆಸಿ, ಪದ್ಯ ಸಿಕ್ಕಾಗ ಅದರಲ್ಲಿ ಸಂಧಿ ಹುಡುಕಲು ಹೇಳುತ್ತೇವೆ.

ಶಾಲೆಗಳ ವಿಷಯಕ್ಕೆ ಬಂದರೆ, ದೊಡ್ಡ ವಿದ್ಯಾಕೇಂದ್ರಗಳಿಗೆ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯಲ್ಲಿ ಬೇರೆ ಬೇರೆ ನಾಡಿನಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವೆಂದು 945ರ ಶಾಸನ ಹೇಳುತ್ತದೆ. ಕಲಬುರಗಿ ಕಡೆಯ ನಾಗಾವಿಯ ಘಟಿಕಾಸ್ಥಾನದಲ್ಲಿ 1058ರ ಹೊತ್ತಿಗೆ ವೇದ ಓದುವ 200, ಶಾಸ್ತ್ರ ಓದುವ 50 ವಿದ್ಯಾರ್ಥಿಗಳಿದ್ದರು. ಪುಸ್ತಕ ಕಾಯಲು ಆರು ಜನ ಸರಸ್ವತಿ ಭಂಡಾರಿಗರಿದ್ದರು. ಇವು ದೊಡ್ಡ ಓದಿಗೆ, ಕೆಲವೇ ಜನರಿಗೆ ಇದ್ದ ಕೇಂದ್ರಗಳು. ಹಾಗಿದ್ದರೂ ಬರೆಯುವ ಕೈಗಳು ಇವುಗಳ ಆಚೆಗೂ ಹಬ್ಬಿದ್ದವು. ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿದಳು. ಒಂದು ಕಾವ್ಯವನ್ನು ಸಾವಿರ ಸಲ ಓಲೆಯ ಮೇಲೆ ಕೊರೆಯಲು ಎಷ್ಟು ಜನ ಲಿಪಿಕಾರರು ಬೇಕು, ಅವರಿಗೆ ಅಕ್ಷರ ಕಲಿಸಿದ ಮಠಗಳು ಎಷ್ಟಿದ್ದವು ಎಂದು ಯೋಚಿಸಿದರೆ ಆ ಕಾಲದ ಇನ್ನೊಂದು ಮುಖ ಕಾಣುತ್ತದೆ.

ಆ ಊರ ಮಠಗಳ ಒಳಗನ್ನು ಕಣ್ಣಾರೆ ಕಂಡಂತೆ ಬರೆದಿಟ್ಟವನು ಒಬ್ಬ ಇಂಗ್ಲಿಷ್ ಅಧಿಕಾರಿ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಕಲೆಕ್ಟರರಿಂದ ಊರ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಕಳಿಸಿದ. ಅವನ ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳು. ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳಿನವು, ಇಂಗ್ಲಿಷಿನದು ಒಂದೇ ಒಂದು. ಓದುವ ಮಕ್ಕಳು 6,641. ನಮ್ಮ ಸೀಮೆ ಅವನ ಲೆಕ್ಕಕ್ಕೆ ಸೇರಿರಲಿಲ್ಲ. ಆದರೆ ಅವನು ಬರೆದ ಶಾಲೆ ನಮ್ಮಜ್ಜ ಹೇಳುತ್ತಿದ್ದ ಗಾಂವಠಿ ಸಾಲಿಗಿಂತ ಬೇರೆಯಲ್ಲ.

ಬೆಳಿಗ್ಗೆ ಆರಕ್ಕೆ ಶಾಲೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಯಲ್ಲಿ ಸೊನ್ನೆ, ಅಂದರೆ ಇವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಅಕ್ಷರವನ್ನು ಮೊದಲು ನೆಲದ ಮರಳಿನ ಮೇಲೆ ಬೆರಳಿನಿಂದ ತಿದ್ದಬೇಕು. ಆಮೇಲೆ ಹಲಗೆ, ಓಲೆ, ಕಡತ. ಬಟ್ಟೆಗೆ ಗಂಜಿ ಕುಡಿಸಿ ಗಟ್ಟಿ ಮಾಡಿ, ಪುಸ್ತಕದ ಹಾಗೆ ಮಡಿಕೆ ಹಾಕಿ, ಮೇಲೆ ಇದ್ದಿಲು ಮತ್ತು ಅಂಟು ಬಳಿದರೆ ಕಡತ. ಅದರ ಮೇಲೆ ಬಳಪದಿಂದ ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ದೊಡ್ಡ ಹುಡುಗರು ಸಣ್ಣವರಿಗೆ ಕಲಿಸುತ್ತಿದ್ದರು. ಈ ಮರಳ ಮೇಲಿನ ಬರವಣಿಗೆಯನ್ನೂ, ಹುಡುಗರೇ ಹುಡುಗರಿಗೆ ಕಲಿಸುವ ಪದ್ಧತಿಯನ್ನೂ ಆಂಡ್ರೂ ಬೆಲ್ ಎಂಬ ಪಾದ್ರಿ ಮದ್ರಾಸಿನಲ್ಲಿ ಕಂಡು ಇಂಗ್ಲೆಂಡಿಗೆ ಒಯ್ದಿದ್ದ. ಅಲ್ಲಿ ಅದು 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು. ಇಂಗ್ಲೆಂಡು ಅನುಸರಿಸಿದ್ದು ಸರಿಯೇ ಎಂದು ಕ್ಯಾಂಪ್‌ಬೆಲ್ ಕೂಡ ಮೆಚ್ಚಿದ್ದಾನೆ.

ಪುಸ್ತಕಗಳ ಪಟ್ಟಿ ಇನ್ನೂ ಸ್ವಾರಸ್ಯವಾಗಿದೆ. ರಾಮಾಯಣ, ಭಾರತ, ಭಾಗವತ ಎಲ್ಲ ಕಡೆ. ಲಿಂಗವಂತರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವ ಪುರಾಣ. ಹಗುರ ಓದಿಗೆ ಪಂಚತಂತ್ರ, ಬೇತಾಳ ಕಥೆಗಳು. ನಿಘಂಟಿಗೆ ಅಮರ, ವ್ಯಾಕರಣಕ್ಕೆ ಕೇಶಿರಾಜನ ಶಬ್ದಮಣಿದರ್ಪಣ! ಇವತ್ತು ಕನ್ನಡ ಎಂ.ಎ. ವಿದ್ಯಾರ್ಥಿಗಳನ್ನು ಬೆವರಿಳಿಸುವ ಗ್ರಂಥದ ಹೆಸರು ಅಂದಿನ ಊರ ಶಾಲೆಗಳ ಪುಸ್ತಕಪಟ್ಟಿಯಲ್ಲಿತ್ತು.

ಕ್ಯಾಂಪ್‌ಬೆಲ್ ಹೊಗಳಿ ಸುಮ್ಮನಾಗಲಿಲ್ಲ. ಪದ್ಯಗಳ ಭಾಷೆಗೂ ಆಡುಮಾತಿಗೂ ದೂರ, ಹುಡುಗರು ಗಿಳಿಪಾಠ ಒಪ್ಪಿಸುತ್ತಾರೆ, ಎಷ್ಟೋ ಕಡೆ ಕಲಿಸುವವರಿಗೂ ಅರ್ಥ ತಿಳಿದಿಲ್ಲ ಎಂದು ದೂರಿದ. ಇಂಗ್ಲೆಂಡಿನ ಗಿರಣಿ ಬಟ್ಟೆ ಬಂದು ನೇಯುವವರ ಕಸುಬು ಕುಸಿದು, ಜನರಿಗೆ ಮಕ್ಕಳ ಶಾಲೆಯ ಫೀ ಕೊಡುವುದೂ ಭಾರವಾಗಿದೆ ಎಂಬುದನ್ನೂ ಮುಚ್ಚಿಡಲಿಲ್ಲ. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಬರೀ 60. ಹಳೆಯ ಮಠವನ್ನು ನೆನೆದು ಉಬ್ಬುವವರು ಈ 60ನ್ನು ಮರೆಯಬಾರದು.

ಅರವತ್ತರ ಆಚೆ ಉಳಿದ ಹೆಣ್ಣುಮಕ್ಕಳು ಏನು ಮಾಡುತ್ತಿದ್ದರು? ಬೀಸುಕಲ್ಲಿನ ಮುಂದೆ ಕೂತು ತ್ರಿಪದಿ ಕಟ್ಟುತ್ತಿದ್ದರು. ಬಾದಾಮಿಯ ಬಂಡೆಯ ಮೇಲಿದ್ದ ಅದೇ ಮಟ್ಟನ್ನು ಓಲೆ-ಕಡತಗಳ ಹಂಗಿಲ್ಲದೆ ಸಾವಿರದಿನ್ನೂರು ವರ್ಷ ಬದುಕಿಸಿದವರು ಅವರು. ಹಲಸಂಗಿಯ ಗೆಳೆಯರು ಆ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದಾಗ ಪಂಡಿತರು ಬೆರಗಾದರು. ಕೃಷ್ಣಪಾರಿಜಾತದ ಮೇಳಗಳಲ್ಲೂ ಹಾಗೆಯೇ. ಶಾಲೆಯ ಮೆಟ್ಟಿಲು ಹತ್ತದ ಕಲಾವಿದರು ಇಡೀ ಆಟವನ್ನು ಬಾಯಲ್ಲಿಟ್ಟುಕೊಂಡು, ಭಾಗವತನ ಪ್ರಶ್ನೆಗೆ ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಉತ್ತರ ಕೊಡುವುದನ್ನು ನಮ್ಮ ಬೀಳಗಿ, ಮುಧೋಳ ಕಡೆಯ ಜಾತ್ರೆಗಳಲ್ಲಿ ರಾತ್ರಿಯೆಲ್ಲ ಕೂತು ನೋಡಿದ್ದೇನೆ. ಕಿವಿ ತುಂಬಿದ್ದರೆ ಬಾಯಿ ತಾನಾಗಿ ಕಟ್ಟುತ್ತದೆ. ಇವರಿಗೆ ಸಿಗದೆ ಹೋದದ್ದು ಕೈಗೊಂದು ಲೆಕ್ಕಣಿಕೆ.

ನಮ್ಮಜ್ಜನಿಗೆ ಅದು ಸಿಕ್ಕಿತ್ತು. ಅವನು ಕಲಿತದ್ದು ಊರ ಐಗಳ ಹತ್ತಿರ, ಆಮೇಲೆ ಸರಕಾರಿ ಕನ್ನಡ ಶಾಲೆಯಲ್ಲಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಮುಂಬಯಿ ಕರ್ನಾಟಕದಲ್ಲಿ ಮುಲ್ಕಿ ಪಾಸಾದರೆ ಮಾಸ್ತರಿಕೆಗೋ ತಲಾಠಿ ಕೆಲಸಕ್ಕೋ ದಾರಿ ತೆರೆಯುತ್ತಿತ್ತು. ಅಜ್ಜ ಎರಡನ್ನೂ ಮಾಡದೆ ಹೊಲಕ್ಕೆ ಹೋದ. ಆದರೆ ಊರಿನ ಅರ್ಜಿ, ಕರಾರುಪತ್ರ, ಬೀಗರಿಗೆ ಬರೆಯುವ ಪತ್ರವೆಲ್ಲ ನಮ್ಮ ಪಡಸಾಲೆಯಲ್ಲೇ ಆಗುತ್ತಿತ್ತು. ಶ್ರಾವಣದಲ್ಲಿ ಮಠದ ಪುರಾಣದಲ್ಲಿ ಅಜ್ಜನದು ಅರ್ಥ ಹೇಳುವ ಪಾಳಿ. ಒಬ್ಬರು ಚೆನ್ನಬಸವ ಪುರಾಣದ ಷಟ್ಪದಿಯನ್ನು ರಾಗವಾಗಿ ಓದುವುದು, ಅಜ್ಜ ಅದನ್ನು ಬಿಡಿಸಿ ರೈತರಿಗೆ ತಿಳಿಯುವ ಮಾತಿನಲ್ಲಿ ಹೇಳುವುದು.

ನನಗೆ ಕಲಿಸುವಾಗಲೂ ಅವನ ಬಾಯಲ್ಲಿ ಒಂದೇ ಮಾತು: "ಮೊದಲ ಬಿಚ್ಚು, ಆಮ್ಯಾಲ ಕಟ್ಟು." ಬನಹಟ್ಟಿಯ ನೇಕಾರ ಹೊಸ ಅಂಚು ಹಾಕುವ ಮೊದಲು ಹಳೆಯ ಸೀರೆಯ ಅಂಚನ್ನು ಎಳೆ ಎಳೆಯಾಗಿ ಎಣಿಸಿಕೊಳ್ಳುವಂತೆ ಅವನು ಪದ್ಯ ಬಿಚ್ಚುತ್ತಿದ್ದ. ಆ ಕ್ರಮವನ್ನು ನನ್ನ ತರಗತಿಯಲ್ಲೂ ಇಟ್ಟುಕೊಂಡಿದ್ದೆ. ಅದಕ್ಕೆಂದೇ ಕೆಲವು ಪದ್ಯಗಳನ್ನು ನಾನೇ ಹೊಸೆದುಕೊಂಡಿದ್ದೆ. ಅಂಥದ್ದೊಂದು ಅರ್ಧ ಭಾಮಿನಿ ಷಟ್ಪದಿ ಇಲ್ಲಿದೆ:

ಕಂಡನಾಗಳೆ ತೇರನೇರಿದ
ಗಂಡುಗಲಿ ಹಗೆಪಡೆಯ ನಡುವಲಿ
ಮಂಡಿಯೂರಿದ ತನ್ನ ತಮ್ಮನ ಬೆನ್ನ ಗಾಯವನು

ಮೊದಲ ಕೆಲಸ ಬಾಯಿಪಾಠ. ಪುಸ್ತಕ ಮುಚ್ಚಿ ಹೇಳಬೇಕು, ಮಟ್ಟು ತಪ್ಪಬಾರದು. ಎರಡನೆಯದು ಬೆರಳೆಣಿಕೆ: ಮೂರು-ನಾಲ್ಕು, ಮೂರು-ನಾಲ್ಕು ಎಂದು ಮಾತ್ರೆಗಳನ್ನು ಗೆಣ್ಣಿನ ಮೇಲೆ ಎಣಿಸಬೇಕು. ಸಣ್ಣ ಸಾಲಿಗೆ ಹದಿನಾಲ್ಕು, ಮೂರನೆಯ ಸಾಲಿಗೆ ಇಪ್ಪತ್ತಮೂರು. ಯಾವನಾದರೂ 'ತಮ್ಮನ' ಬದಲು 'ಸೋದರನ' ಎಂದರೆ ಎಣಿಕೆ ಮುರಿದು ತಪ್ಪು ತಾನೇ ಕೂಗಿಕೊಳ್ಳುತ್ತದೆ. ಮೂರನೆಯದು ಪದ ಬಿಡಿಸುವುದು: ಕಂಡನು, ಆಗಳೆ, ತೇರನು, ಏರಿದ. ಗದ್ಯದ ಕ್ರಮಕ್ಕೆ ತರುವ ಅನ್ವಯ ನಾಲ್ಕನೆಯದು: 'ತೇರನ್ನು ಏರಿದ ಗಂಡುಗಲಿಯು ಹಗೆಪಡೆಯ ನಡುವೆ ಮಂಡಿಯೂರಿದ ತನ್ನ ತಮ್ಮನ ಬೆನ್ನ ಗಾಯವನ್ನು ಆಗಲೇ ಕಂಡನು.'

ನಿಜವಾದ ಪಾಠ ಶುರುವಾಗುವುದು ಇಲ್ಲಿಂದ. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ಕೇಳುತ್ತಿದ್ದೆ: ಅರ್ಥ ಒಂದೇ, ಹಾಗಾದರೆ ಕಳೆದುಹೋದದ್ದು ಏನು? ಹುಡುಗರು ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಳ್ಳುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಹೇಳುತ್ತಾರೆ. ಪದ್ಯದಲ್ಲಿ 'ಕಂಡನು' ಮೊದಲೇ ಬರುತ್ತದೆ, ಏನು ಕಂಡ ಎಂದು ಕಾಯಿಸುತ್ತದೆ. ಮೊದಲು ತೇರು, ಆಮೇಲೆ ಸೈನ್ಯ, ಆಮೇಲೆ ತಮ್ಮ, ಕಟ್ಟಕಡೆಗೆ ಗಾಯ. ಗದ್ಯದಲ್ಲಿ ಗಾಯದ ಮೇಲೆ 'ಕಂಡನು' ಬಂದು ಕೂತು ಅದರ ನೋವು ಇಳಿದುಹೋಯಿತು. ಗಾಯ ಎದೆಗಲ್ಲದೆ ಬೆನ್ನಿಗೇಕೆ ಎಂದು ಯಾರಾದರೂ ಕೇಳಿದರೆ ಆ ಪೀರಿಯಡ್ಡು ಅಲ್ಲಿಗೆ ಸಾರ್ಥಕ. ತಮ್ಮ ಓಡುತ್ತಿದ್ದನೇ, ಹಿಂದಿನಿಂದ ಹೊಡೆದರೇ? ಒಂದು ಮಾತಿನೊಳಗೆ ಒಂದು ಕಥೆ ಅಡಗಿರುತ್ತದೆಂಬುದು ಹುಡುಗರಿಗೆ ಹೊಳೆಯುವುದು ಹೀಗೆ. ಕೊನೆಯ ಕೆಲಸ ಕಟ್ಟುವುದು. ಇದೇ ವಿನ್ಯಾಸದಲ್ಲಿ ನಿಮ್ಮದೊಂದು ವಾಕ್ಯ ಬರೆಯಿರಿ, ಮುಖ್ಯವಾದದ್ದನ್ನು ಕಡೆಗಿಡಿ, ಯುದ್ಧ ಬೇಡ, ನಿಮ್ಮ ಮನೆಯದೇ ಆಗಲಿ. ಆಲಮಟ್ಟಿ ಹಿನ್ನೀರಿನಿಂದ ಊರು ಬಿಟ್ಟ ಕುಟುಂಬದ ಹುಡುಗಿಯೊಬ್ಬಳು, ಅವ್ವ ಹಳೆಯ ಮನೆಗೆ ಹೋಗಿ ತಂದ ಸಾಮಾನುಗಳನ್ನು ಒಂದೊಂದಾಗಿ ಹೇಳುತ್ತ ಹೋಗಿ ವಾಕ್ಯದ ತುದಿಯಲ್ಲಿ ಬಾಗಿಲ ಚಿಲಕ ಇಟ್ಟಿದ್ದಳು. ಅದಕ್ಕಿಂತ ಒಳ್ಳೆಯ ಕನ್ನಡವನ್ನು ನಾನು ಆ ಶಾಲೆಯಲ್ಲಿ ತಿದ್ದಿಲ್ಲ.

ಈ ಬಗೆ ನಮ್ಮ ನಾಡಿನದಷ್ಟೇ ಅಲ್ಲ. ನಾಲ್ಕನೆಯ ಶತಮಾನದ ಗ್ರೀಕ್ ಗುರು ಆಫ್ತೋನಿಯಸ್ ಹದಿನಾಲ್ಕು ಅಭ್ಯಾಸಗಳ ಪಟ್ಟಿ ಮಾಡಿದ. ಹುಡುಗರು ನೀತಿಕಥೆಯನ್ನು ತಮ್ಮ ಮಾತಿನಲ್ಲಿ ಹೇಳುವುದರಿಂದ ಅದು ಶುರುವಾಗುತ್ತದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ಗೆ ಕಲಿಸಲು ಗುರುವೇ ಇರಲಿಲ್ಲ. ಬಾಲಕನಾಗಿದ್ದಾಗ 'ಸ್ಪೆಕ್ಟೇಟರ್' ಪತ್ರಿಕೆಯ ಪ್ರಬಂಧಗಳಿಂದ ಸಣ್ಣ ಟಿಪ್ಪಣಿ ಮಾಡಿಕೊಂಡು, ಕೆಲವು ದಿನ ಬಿಟ್ಟು ಅವುಗಳಿಂದಲೇ ಪ್ರಬಂಧವನ್ನು ಮತ್ತೆ ಬರೆದು, ಮೂಲದ ಜೊತೆ ಹೋಲಿಸಿ ತನ್ನ ಕೊರತೆ ಕಂಡುಕೊಳ್ಳುತ್ತಿದ್ದ. ಗದ್ಯವನ್ನು ಪದ್ಯ ಮಾಡಿ, ಮರೆತ ಮೇಲೆ ಮತ್ತೆ ಗದ್ಯ ಮಾಡುತ್ತಿದ್ದ. ಅಜ್ಜನಿಗೆ ಫ್ರಾಂಕ್ಲಿನ್ ಯಾರೆಂದು ಗೊತ್ತಿರಲಿಲ್ಲ, ಅವನಿಗೆ ನಮ್ಮ ಐಗಳು ಗೊತ್ತಿರಲಿಲ್ಲ. ಇಬ್ಬರ ಕೆಲಸ ಒಂದೇ.

ನಮ್ಮ ಸೀಮೆಯಲ್ಲಿ ಈ ಕ್ರಮ ಒಂದೇ ಏಟಿಗೆ ಹೋಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೀಳಗಿ ಬ್ರಿಟಿಷರ ಜಿಲ್ಲೆಯಲ್ಲಿತ್ತು. 1885ರವರೆಗೆ ಜಿಲ್ಲಾ ಕೇಂದ್ರ ಪಕ್ಕದ ಕಲಾದಗಿ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಆಡಳಿತಕ್ಕೆ ಮರಾಠಿ, ಕಾಗದಪತ್ರಕ್ಕೆ ಮೋಡಿ ಲಿಪಿ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಕಚೇರಿಯಲ್ಲಿ ಮೋಡಿ ಬರೆಯಬೇಕಿತ್ತು. ಬ್ರಿಟಿಷ್ ಭಾಗದಲ್ಲೂ ಮೊದಲಿಗೆ ಮರಾಠಿ ಶಾಲೆಗಳದ್ದೇ ಕಾರುಬಾರು. ಡೆಪ್ಯುಟಿ ಚನ್ನಬಸಪ್ಪನವರಂಥವರು ಅವುಗಳ ಜಾಗದಲ್ಲಿ ಕನ್ನಡ ಶಾಲೆಗಳನ್ನು ಎಬ್ಬಿಸಿದರು. ಧಾರವಾಡದ ಟ್ರೇನಿಂಗ್ ಕಾಲೇಜು ಮಾಸ್ತರರನ್ನು ತಯಾರು ಮಾಡಿತು. ವೆಂಕಟ ರಂಗೋ ಕಟ್ಟಿಯವರಂಥವರು ಪಠ್ಯಪುಸ್ತಕ ಬರೆದರು. ಮಾಸ್ತರರಿಗೆಂದೇ 'ಮಠಪತ್ರಿಕೆ' ಹೊರಟಿತು. ಹೊಸ ಶಾಲೆಯ ಪತ್ರಿಕೆಗೂ ಹಳೆಯ ಮಠದ ಹೆಸರನ್ನೇ ಇಟ್ಟರು, ಮಠದ ಕ್ರಮದಲ್ಲೂ ಎಷ್ಟೋ ಉಳಿಸಿಕೊಂಡರು. ಶುದ್ಧಲೇಖನ, ಉಕ್ತಲೇಖನ, ಕಿತ್ತಾ ತಿದ್ದುವುದು, ಪದ್ಯಕ್ಕೆ ಅನ್ವಯ-ಪ್ರತಿಪದಾರ್ಥ-ತಾತ್ಪರ್ಯ ಬರೆಯುವುದು, ಎಲ್ಲವೂ ಅಜ್ಜನ ಮುಲ್ಕಿಯ ಅಭ್ಯಾಸದಲ್ಲಿ ಇದ್ದವು.

ಜಮಖಂಡಿಯ ಪರಶುರಾಮಭಾವು ಹೈಸ್ಕೂಲಿನಿಂದ 1902ರಲ್ಲಿ ಮೆಟ್ರಿಕ್ ಮುಗಿಸಿದ ಹುಡುಗನೊಬ್ಬ ಸಂಸ್ಕೃತಕ್ಕೆ ಕೊಡುವ ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನ ಗೆದ್ದ. ಅವರೇ ಮುಂದೆ ಗುರುದೇವ ರಾನಡೆ. ಜಮಖಂಡಿಯಲ್ಲೇ 1886ರಲ್ಲಿ ಹುಟ್ಟಿದವರು. ಉಪನಿಷತ್ತುಗಳ ಮೇಲೆ 1926ರಲ್ಲಿ ಅವರು ಬರೆದ ಇಂಗ್ಲಿಷ್ ಗ್ರಂಥವನ್ನು ಓದಿದವರಿಗೆ ಆ ಗದ್ಯದ ಶಿಸ್ತು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಶ್ಲೋಕವನ್ನು ಬಿಡಿಸಿ, ಇನ್ನೊಂದು ಭಾಷೆಯಲ್ಲಿ ಕಟ್ಟಿ ಕೈ ಪಳಗಿಸಿಕೊಂಡವರ ಬರವಣಿಗೆ ಅದು. ಬಾಳಿನ ಕೊನೆಯ ವರ್ಷಗಳಲ್ಲಿ ಅದೇ ಕೈ ಕನ್ನಡದ ವಚನ, ದಾಸರ ಪದಗಳನ್ನು ಬಿಡಿಸಲು ಕೂತಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಆ ಉಪನ್ಯಾಸಗಳು ಪುಸ್ತಕವಾಗಿವೆ.

ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು, 1956ರಲ್ಲಿ ನಾವೆಲ್ಲ ಮೈಸೂರು ರಾಜ್ಯಕ್ಕೆ ಬಂದೆವು. ಶಾಲೆ ಎಲ್ಲರಿಗೂ ತೆರೆಯಿತು. ಕ್ಯಾಂಪ್‌ಬೆಲ್ ಎಣಿಸಿದ ಅರವತ್ತು ಹುಡುಗಿಯರು ಈಗ ಒಂದೇ ಹೈಸ್ಕೂಲಿನ ಎರಡು ತರಗತಿಗೂ ಸಾಲುವುದಿಲ್ಲ. ಇದರ ಮುಂದೆ ಬೇರಾವ ಲಾಭವೂ ದೊಡ್ಡದಲ್ಲ. ಇದೇ ಹೊತ್ತಿಗೆ ಬಾಯಿಪಾಠವೆಂದರೆ ಹಳೆಯ ಕಾಲದ ಹಿಂಸೆ, ಮಕ್ಕಳು ಸ್ವಂತವಾಗಿ ಬರೆಯಬೇಕು ಎಂಬ ಮಾತೂ ಬಂತು. ಮಾತು ಒಳ್ಳೆಯದೇ. ಆದರೆ ನಡೆದದ್ದು ಬೇರೆ. 'ನನ್ನ ನೆಚ್ಚಿನ ನಾಯಕ', 'ಪರಿಸರ ಮಾಲಿನ್ಯ' ಎಂಬ ಪ್ರಬಂಧಗಳನ್ನು ಹುಡುಗರು ಗೈಡಿನಿಂದ ಅಕ್ಷರ ಬಿಡದೆ ಉರು ಹೊಡೆಯುತ್ತಾರೆ. ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ, ಇಡೀ ಜಿಲ್ಲೆಗೆ ಒಂದೇ. ಬಾಯಿಪಾಠ ಎಲ್ಲಿಗೂ ಹೋಗಿಲ್ಲ, ಬಾಯಿಪಾಠದ ಸರಕು ಬದಲಾಗಿದೆ. ಮೊದಲು ಲಕ್ಷ್ಮೀಶನನ್ನು ಬಾಯಿಗೆ ತಂದುಕೊಳ್ಳುತ್ತಿದ್ದವರು ಈಗ ಹೆಸರಿಲ್ಲದ ಯಾರದೋ ಸಪ್ಪೆ ಗದ್ಯವನ್ನು ತಂದುಕೊಳ್ಳುತ್ತಾರೆ. ಬಿಚ್ಚುವ ಕೆಲಸ ಮಾತ್ರ ಪೂರ್ತಿ ಬಿಟ್ಟುಹೋಗಿದೆ. ಕ್ಯಾಂಪ್‌ಬೆಲ್ ಕಂಡ ಗಿಳಿಪಾಠ ಇನ್ನೂರು ವರ್ಷಗಳ ಮೇಲೂ ಹಾಗೇ ಇದೆ. ಅದಕ್ಕೆ ಮದ್ದಾಗಿದ್ದ ಅನ್ವಯವನ್ನು ನಾವು ಕೈಬಿಟ್ಟಿದ್ದೇವೆ.

ಪಾಲಕರ ಸಭೆಯಲ್ಲಿ ಈ ಮಾತೆತ್ತಿದರೆ ಒಂದೇ ಪ್ರಶ್ನೆ ಬರುತ್ತಿತ್ತು: "ಇದರಿಂದ ಮಾರ್ಕ್ಸ್ ಬರ್ತಾವೇನ್ರಿ ಸರ್?" ಅವರಿಗೆ ಎಸ್ಸೆಸ್ಸೆಲ್ಸಿ ಕನ್ನಡ ಪ್ರಶ್ನೆಪತ್ರಿಕೆಯನ್ನೇ ತೋರಿಸುತ್ತಿದ್ದೆ. ಒಂದು ಕಡೆ 'ಪದ್ಯ ಪೂರ್ಣಗೊಳಿಸಿ' ಎಂದಿರುತ್ತದೆ, ಅದು ಬಾಯಿಪಾಠ. ಇನ್ನೊಂದು ಕಡೆ 'ಪ್ರಸ್ತಾರ ಹಾಕಿ ಗಣ ವಿಭಾಗಿಸಿ', ಅದು ಬೆರಳೆಣಿಕೆ. ಮತ್ತೊಂದು ಕಡೆ ಪದ್ಯಭಾಗದ ಸಾರಾಂಶ, ಅದು ಅನ್ವಯ-ತಾತ್ಪರ್ಯ. ಕೊನೆಗೆ ಪತ್ರ ಮತ್ತು ಪ್ರಬಂಧ, ಅದು ಕಟ್ಟುವುದು. ಐಗಳ ಮಠದ ಪಾಠವೆಲ್ಲ ಆ ಕಾಗದದ ಮೇಲೆ ಇನ್ನೂ ಇದೆ. ಒಂದೊಂದಕ್ಕೂ ಬೇರೆ ಬೇರೆ ಅಂಕ ಹಚ್ಚಿ ಬಿಡಿಯಾಗಿ ಚೆಲ್ಲಿರುವುದರಿಂದ, ಒಂದರಿಂದ ಇನ್ನೊಂದು ಹುಟ್ಟುತ್ತದೆಂದು ಹುಡುಗರಿಗೆ ತಿಳಿಯುವುದಿಲ್ಲ. ಅವನ್ನು ಒಂದೇ ಪದ್ಯಕ್ಕೆ, ಒಂದೇ ವಾರದಲ್ಲಿ, ಸಾಲಾಗಿ ಮಾಡಿಸಲು ಹೊಸ ಪಠ್ಯಕ್ರಮ ಬೇಡ, ಸರಕಾರದ ಆದೇಶ ಬೇಡ, ಒಂದು ರೂಪಾಯಿ ಖರ್ಚೂ ಇಲ್ಲ. ಬೇಕಾದದ್ದು ಆ ಪದ್ಯ ತಾನೇ ಬಾಯಿಗೆ ಬರುವ ಒಬ್ಬ ಮಾಸ್ತರ.